ಮೇವಿಸ್ ಪತ್ರಿಕೆ ಮಾರುವುದನ್ನು ಬಿಟ್ಟದ್ದು

ಇಂಗ್ಲೆಂಡಿನ ಬಾರ್ನ್ಸ್ಲಿಯಲ್ಲಿ ಪತ್ರಿಕೆಯ ಅಂಗಡಿ ಇಟ್ಟಿದ್ದ ಮೇವಿಸ್‌ಳ ಮಗ ಗ್ಯಾರತ್ ಅಫ್ಘಾನಿಸ್ತಾನದ ಯುದ್ಧದಲ್ಲಿದ್ದ. ಅವನ ತುಕಡಿಯಲ್ಲೇ ರಾಜಕುಮಾರನೂ ಇದ್ದಾನೆಂಬುದು ಆಕೆಗೆ ತಿಳಿದದ್ದು ತಾನೇ ಮಾರುವ ಪತ್ರಿಕೆಯಿಂದ. ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಆ ಗುಟ್ಟು ರಟ್ಟಾದ ದಿನವೇ ರಾಜಕುಮಾರನನ್ನು ವಿಮಾನದಲ್ಲಿ ಸ್ವದೇಶಕ್ಕೆ ಕರೆತಂದರು. ಗ್ಯಾರತ್ ಅದೇ ಸೇನಾ ಠಾಣೆಯಲ್ಲಿ ಉಳಿದ.

ದಿನವೂ ಅಂಗಡಿಗೆ ಬಂದು ಚಹಾ ಕುಡಿಯುತ್ತಿದ್ದ ವರದಿಗಾರ ಲೆನ್ ತಲೆ ತಗ್ಗಿಸಿ ಹೇಳಿದ: "ನಮ್ಮ ಪತ್ರಿಕೆಯೋರಿಗೆಲ್ಲಾ ಎರಡು ತಿಂಗಳಿಂದ ಗೊತ್ತಿತ್ತು ಕಣೇ. ಜೀವಕ್ಕೆ ಅಪಾಯ ಅಂತ ಬಾಯಿ ಮುಚ್ಕೊಂಡಿದ್ವಿ."

"ಯಾರ ಜೀವಕ್ಕೆ?" ಎಂದಳು ಮೇವಿಸ್.

ಸುದ್ದಿ ಹೊರಬಿದ್ದ ಒಂಬತ್ತನೇ ದಿನ ಠಾಣೆಯ ಮೇಲೆ ದಾಳಿಯಾಗಿ ಗ್ಯಾರತ್ ಸತ್ತ. ಲೆನ್‌ನ ಪತ್ರಿಕೆಯ ತಲೆಬರಹ: 'ರಾಜಕುಮಾರನ ಜೊತೆಗಾರ ಬಲಿ'.

ಮೇವಿಸ್ ಪತ್ರಿಕೆಗಳ ಕಟ್ಟನ್ನು ಬಿಚ್ಚದೆ ಲೆನ್‌ನ ಕೈಗೆ ತುರುಕಿದಳು. "ಅವನಿಗೂ ಒಂದು ಹೆಸರಿತ್ತಲ್ಲೋ. ಚಿಕ್ಕೋನಿದ್ದಾಗ ಅವನನ್ನ ಎತ್ತಿ ಆಡಿಸಿದೋನು ನೀನೇ."

ಅಂದಿನಿಂದ ಆ ಅಂಗಡಿಯಲ್ಲಿ ಸಿಗರೇಟು, ಮಿಠಾಯಿ ಮಾತ್ರ ಸಿಗುತ್ತಿದ್ದವು.