ಪಕ್ಕದ ಮನೆಗೆ ಅಮ್ಮ ಬಂದಾಗ

ದೊಡ್ಡವ್ವನ ಎಡಗೆನ್ನೆಯ ಮೇಲೆ, ಮೂಗಿನ ಪಕ್ಕಕ್ಕೆ, ಮೆಣಸಿನ ಕಾಳು ಇಟ್ಟರೆ ಉರುಳದೆ ನಿಲ್ಲುವಷ್ಟು ಆಳದ ಒಂದು ಗುಳಿಯಿತ್ತು. ನಕ್ಕಾಗ ಮುಖದ ಗೆರೆಗಳೆಲ್ಲ ಅತ್ತಿತ್ತ ಸರಿದಾಡಿದರೂ ಆ ಗುಳಿ ಮಾತ್ರ ಕದಲುತ್ತಿರಲಿಲ್ಲ. ಬಿಸಿಲಿನಲ್ಲಿ ಬಗ್ಗಿ ಪಾತಿ ಮಾಡುವಾಗ ಬೆವರಿನ ಹನಿಯೊಂದು ಅದರಲ್ಲಿ ಬಂದು ಕೂರುತ್ತಿತ್ತು. ಸೆರಗಿನಿಂದ ಮುಖವೆಲ್ಲ ಒರೆಸಿಕೊಂಡ ಮೇಲೂ ಆ ಹನಿ ಅಲ್ಲೇ ಹೊಳೆಯುತ್ತಿತ್ತು. ಗುಳಿ ಬಿದ್ದ ಬೇಸಿಗೆ ನನಗೆ ನೆನಪಿದೆ. ಅವರ ಬಗ್ಗೆ ಬರೆಯಲು ಕುಳಿತಿರುವುದೂ ಆ ಬೇಸಿಗೆಯ ಕಾರಣಕ್ಕೇ.

ಈಗ ಮತ್ತೆ ಅದೇ ಕಾಲ. ವಿದ್ಯಾರಣ್ಯಪುರದ ನಮ್ಮ ಮನೆಗೂ ಕಾಂಪೌಂಡಿಗೂ ನಡುವೆ ಒಂದು ಮಂಚ ಹಾಕುವಷ್ಟು ಅಗಲದ ಮಣ್ಣಿದೆ. ತೋಟ ಎಂದರೆ ಯಜಮಾನರು ನಗುತ್ತಾರೆ, ನಾನು ತೋಟ ಎಂದೇ ಕರೆಯುತ್ತೇನೆ. ತುಳಸಿ, ದಾಸವಾಳ, ಕರಿಬೇವು, ಗೋಡೆಗೆ ಹಬ್ಬಿದ ಬಸಳೆ, ಮೂಲೆಯಲ್ಲಿ ಒಂದು ದುಂಡುಮಲ್ಲಿಗೆ. ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಬೀದಿಯ ಬೇವಿನ ಮರ ಹೂ ಬಿಡುತ್ತದೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಹೋದರೆ ಅಂಗಳದ ತುಂಬ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿದ್ದಿರುತ್ತದೆ, ಗುಡಿಸಲು ಮನಸ್ಸು ಬರುವುದಿಲ್ಲ. ಮಂಡಿನೋವು ಇವತ್ತು ಸ್ವಲ್ಪ ಕಡಿಮೆ, ನಲ್ಲಿಯಲ್ಲಿ ನೀರು ಬಂತು, ಮಲ್ಲಿಗೆ ಮೊಗ್ಗು ಕಟ್ಟಿದೆ. ಇಷ್ಟಕ್ಕೇ ದೇವರಿಗೆ ಕೈ ಮುಗಿದು ದಿನ ಶುರು ಮಾಡುವವಳು ನಾನು. ನೆಮ್ಮದಿ ಇಲ್ಲ ಎಂದರೆ ಬಾಯಿಗೆ ಹುಳ ಬಿದ್ದೀತು. ಆದರೆ ಮಧ್ಯಾಹ್ನ ಬೀದಿಯ ಸದ್ದಡಗಿ, ಬೇವಿನ ಹೂವಿನ ವಾಸನೆ ಗಾಳಿಯಲ್ಲಿ ನಿಂತಾಗ, ಬೆನ್ನ ಹಿಂದೆ ಯಾರೋ ಮೆಲ್ಲಗೆ ಉಸಿರೆಳೆದ ಹಾಗಾಗುತ್ತದೆ. ತಿರುಗಿ ನೋಡುವುದನ್ನು ಈಗ ಬಿಟ್ಟಿದ್ದೇನೆ.

ನಾನು ಬೆಳೆದದ್ದು ಕೊಡಿಗೇಹಳ್ಳಿಯಲ್ಲಿ. ಆಗ ಅದು ಹೆಸರಿಗೆ ತಕ್ಕಂತೆ ಹಳ್ಳಿಯೇ. ಅಪ್ಪ ಕಾರ್ಖಾನೆಯ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನಮ್ಮ ಬಾಡಿಗೆ ಮನೆಯ ಪಕ್ಕದ್ದೇ ದೊಡ್ಡವ್ವನ ಮನೆ. ರಾಗಿ, ಅವರೆ ಬೆಳೆಯುತ್ತಿದ್ದ ಕುಟುಂಬ. ಊರಿಗೆಲ್ಲ ಅವರು ದೊಡ್ಡವ್ವ, ಆದ್ದರಿಂದ ನಮಗೂ ದೊಡ್ಡವ್ವ. ಎರಡು ಮನೆಗಳ ನಡುವೆ ದಾಸವಾಳದ ಬೇಲಿ. ಅದರ ಬುಡದಲ್ಲಿ ನನ್ನಂಥ ಚಿಕ್ಕವಳು ನುಸುಳುವಷ್ಟು ಒಂದು ಸಂದು.

ದೊಡ್ಡವ್ವ ಗಿಡಗಳ ಜೊತೆ ಜಗಳವಾಡುತ್ತಿದ್ದರು. ಅಕ್ಕಿ ತೊಳೆದ ನೀರನ್ನು ಮಲ್ಲಿಗೆಯ ಬುಡಕ್ಕೆ ಹಾಕುತ್ತ, "ಏನೇ ನಿನ್ ಬಿಂಕ? ಗಂಡು ನೋಡಾಕೆ ಬರ್ಲಿ ಅಂತ ಕಾಯ್ತಿದೀಯ, ಊ ಬಿಡಾಕೆ?" ಎಂದು ಮೂದಲಿಸುತ್ತಿದ್ದರು. ಬೇಲಿಯ ಈ ಕಡೆ ಪಾತ್ರೆ ತೊಳೆಯುತ್ತಿದ್ದ ಅಮ್ಮ ನಕ್ಕರೆ, "ನೀನ್ಯಾಕವ್ವ ನಗ್ತೀಯ, ನಿನ್ ಗುಲಾಬಿನೂ ನೆಟ್ಗಿಲ್ಲ" ಎಂಬ ಉತ್ತರ ಬರುತ್ತಿತ್ತು. ಒಮ್ಮೆ ನಾನು, "ದೊಡ್ಡವ್ವ, ಹೂ ಕಿತ್ಕೊಳ್ಲಾ?" ಎಂದು ಕೇಳಿದೆ. ಅವರು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಕೀಳಾದು ಕಳೇನ ಕೂಸೆ. ಊವ ಬಿಡಿಸ್ಬೇಕು. ಅದಾಗಿ ಬಿಟ್ಕೊಟ್ರೆ ಇಸ್ಕೋ, ಇಲ್ಲಾಂದ್ರೆ ನಾಳೆ ಬಾ."

ಇವತ್ತಿಗೂ ಮೊಗ್ಗಿನ ತೊಟ್ಟು ಗಟ್ಟಿಯೆನಿಸಿದರೆ ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಕಾಯಿಲೆ ಜೋರಾದ ದಿನವೇ ನನ್ನನ್ನು ಯಶವಂತಪುರದ ಚಿಕ್ಕಪ್ಪನ ಮನೆಗೆ ಕಳಿಸಿದ್ದರು. ವಾಪಸು ಕರೆತಂದಾಗ ಮನೆಗೆ ಸುಣ್ಣ ಬಳಿದಿತ್ತು, ಅಮ್ಮನ ಮಂಚ ಇರಲಿಲ್ಲ, ಅಪ್ಪನ ಅಕ್ಕ, ನನ್ನ ಸೋದರತ್ತೆ, ಒಲೆಯ ಮುಂದೆ ಕುಳಿತಿದ್ದಳು. ಅಮ್ಮ ಎಲ್ಲಿ ಎಂದರೆ, "ದೇವರ ಹತ್ರ ಹೋಗಿದಾಳೆ, ಬರ್ತಾಳೆ" ಎಂದಳು. ಅಳುವ ಮಗುವಿಗೆ ಇನ್ನೇನು ಹೇಳಬೇಕೆಂದು ಅವಳಿಗೂ ತಿಳಿದಿರಲಿಲ್ಲ. ನಾನು ಆ "ಬರ್ತಾಳೆ"ಯನ್ನು ಹಿಡಿದುಕೊಂಡೆ. ಗೇಟಿನ ಸದ್ದಾದರೆ ಓಡುತ್ತಿದ್ದೆ. ಮಳೆಗಾಲ ಹೋಯಿತು, ಚಳಿ ಹೋಯಿತು. ಅಪ್ಪ ನನ್ನನ್ನು ನೋಡಲಾರದೆ ತಡವಾಗಿ ಮನೆಗೆ ಬರುತ್ತಿದ್ದರು.

ಯುಗಾದಿ ಇನ್ನೇನು ಬಂತು ಎನ್ನುವಾಗ ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದರೆ ದೊಡ್ಡವ್ವನ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಮನೆಯ ಮುಂದೆ ಅರಿಸಿನದ ನೀರು ಚಿಮುಕಿಸಿದ್ದರು. ನಾನು ಬೇಲಿಯ ಕಡೆ ಹೊರಟದ್ದನ್ನು ಕಂಡು ಅತ್ತೆ ತೋಳು ಹಿಡಿದು ನಿಲ್ಲಿಸಿದಳು.

"ಆ ಕಡೆ ಕಾಲಿಡ್ಬೇಡ. ಅವ್ರ ಮನೆಗೆ ಅಮ್ಮ ಬಂದಿದಾಳೆ."

ಸ್ಕೂಲಿನ ಚೀಲ ಕೆಳಗಿಟ್ಟೆ. "ಯಾವಾಗ ಬಂದ್ಲು?"

"ನಿನ್ನೆ."

"ಅವ್ರ ಮನೆಗ್ಯಾಕೆ ಬಂದ್ಲು?"

"ಅವಳಿಗೆ ಎಲ್ಲಿ ಇಷ್ಟಾನೋ ಅಲ್ಲಿಗೆ ಬರ್ತಾಳೆ. ಕೇಳೋಕೆ ನಾವ್ಯಾರು?"

"ನಮ್ಮನೆಗೆ ಬರಲ್ವಾ ಅತ್ತೆ?"

"ಬಿಡ್ತು ಅನ್ನು! ನಮ್ಮನೆಗೆ ಬರೋದು ಏನೂ ಬೇಡ. ಕೈಕಾಲು ತೊಳ್ಕೊಂಡು ಒಳಗೆ ನಡಿ."

ಮೈಮೇಲೆ ಗುಳ್ಳೆ ಎದ್ದರೆ ರೋಗದ ಹೆಸರು ಹೇಳಬಾರದು, ಅಮ್ಮ ಬಂದಿದ್ದಾಳೆ ಎನ್ನಬೇಕು ಎಂಬುದು ದೊಡ್ಡವರಿಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ. ನನಗೆ ಅಮ್ಮ ಎಂದರೆ ಒಬ್ಬಳೇ. ಅವಳು ಬಂದಿದ್ದಾಳೆ, ಪಕ್ಕದ ಮನೆಯಲ್ಲಿದ್ದಾಳೆ, ಅತ್ತೆಗೆ ಅವಳು ಬೇಡ. ಅಂದು ಅತ್ತೆ ಕಲಸಿಕೊಟ್ಟ ಅನ್ನವನ್ನು ತಟ್ಟೆಯಲ್ಲೇ ಬಿಟ್ಟೆ.

ಅತ್ತೆ ಊಟ ಮಾಡಿ ಅಡ್ಡಾದ ಕೂಡಲೇ ಬೇಲಿಯ ಸಂದಿನಲ್ಲಿ ನುಸುಳಿದೆ. ದೊಡ್ಡವ್ವನ ಹಿತ್ತಲಿನ ಕಡೆಗೆ ಒಂದು ಕೋಣೆಯಿತ್ತು, ಮರದ ಸರಳಿನ ಕಿಟಕಿ. ಒಳಗೆ ಕತ್ತಲು. ಬೇವು, ಅರಿಸಿನ, ಒದ್ದೆ ಬಟ್ಟೆಯ ವಾಸನೆ. ನೆಲದ ಮೇಲೆ ಸೊಪ್ಪು ಹಾಸಿ ಅದರ ಮೇಲೆ ಯಾರೋ ಮಲಗಿದ್ದರು, ಮುಖದವರೆಗೂ ಬಿಳಿ ಪಂಚೆ ಹೊದ್ದುಕೊಂಡು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಕೈಗೆ ಸರಳು ಎಟುಕಿತು.

"ಅಮ್ಮಾ" ಎಂದೆ.

ಇನ್ನೊಮ್ಮೆ ಕರೆದೆ. ಪಂಚೆ ಅಲುಗಿತು. ತುಂಬ ಹೊತ್ತಾದ ಮೇಲೆ, ನೆಲದ ಅಡಿಯಿಂದ ಬಂದ ಹಾಗೆ ಒಂದು ದನಿ.

"ಏನು ಪುಟ್ಟಿ?"

ಪುಟ್ಟಿ ಎಂದು ನನ್ನನ್ನು ಕರೆಯುತ್ತಿದ್ದವಳು ಅಮ್ಮ. ದೊಡ್ಡವ್ವನಿಗೆ ನಾನು ಯಾವಾಗಲೂ ಕೂಸು.

"ನಮ್ಮನೆಗೆ ಯಾಕೆ ಬರ್ಲಿಲ್ಲ?"

"ಇಲ್ಲಿ ತಂಪು."

"ಮುಖ ತೋರ್ಸು."

"ಬೇಡ."

"ಅತ್ತೆ ನೀನು ಬೇಡ ಅಂದ್ಲು."

"ಅತ್ತೆ ಪಾಪ" ಎಂದಿತು ದನಿ. ಸ್ವಲ್ಪ ತಡೆದು, "ಹತ್ರ ಬರ್ಬೇಡ. ಮಲ್ಲಿಗೆ ಗಿಡದ ಹತ್ರ ನಿಂತ್ಕೊ. ಕೇಳ್ಸುತ್ತೆ."

ಅವತ್ತಿನಿಂದ ದಿನಾ ಮಧ್ಯಾಹ್ನ ಮಲ್ಲಿಗೆ ಗಿಡದ ಪಕ್ಕ ನಿಂತು ಕಿಟಕಿಗೆ ಮುಖ ಮಾಡಿ ಹೇಳುತ್ತಿದ್ದೆ. ಅತ್ತೆ ಜಡೆ ಬಿಗಿಯಾಗಿ ಹಾಕುತ್ತಾಳೆ, ತಲೆ ನೋಯುತ್ತದೆ. ಹುಳಿ ಸೀದುಹೋಯಿತು, ಅಪ್ಪ ಏನೂ ಅನ್ನದೆ ತಿಂದರು. ಅಪ್ಪ ಸ್ನಾನದ ಮನೆಯಲ್ಲಿ ಅಳುತ್ತಾರೆ. ಒಳಗಿನಿಂದ "ಹೂಂ" ಎಂದು ಬರುತ್ತಿತ್ತು. ಕೆಲವು ಸಲ "ಆಮೇಲೆ?" ಅಷ್ಟೇ. ಅಷ್ಟು ಸಾಕಾಗಿತ್ತು. ಗೇಟಿನ ಸದ್ದಿಗೆ ಓಡುವುದನ್ನು ನಾನು ನಿಲ್ಲಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆ ಅವಳನ್ನು ಅಲ್ಲಿಂದಲೂ ಓಡಿಸಿಯಾಳು ಎಂಬ ಭಯ.

ಒಂದು ಬೆಳಗ್ಗೆ ದೊಡ್ಡವ್ವನ ಮನೆಯ ಮುಂದೆ ಹೆಂಗಸರು ಸೇರಿದ್ದರು. ಕುಕ್ಕೆಯಲ್ಲಿ ಮೊಸರನ್ನ, ತಂಬಿಟ್ಟು, ಬೇವಿನ ಸೊಪ್ಪು. "ಏನತ್ತೆ?" ಎಂದೆ. ಅತ್ತೆ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತ, "ತಲೆಗೆ ನೀರು ಹಾಕಾಯ್ತು. ಅಮ್ಮನ್ನ ಕಳಿಸ್ತಿದಾರೆ" ಎಂದಳು.

ನಾನು ಚೀರಿಕೊಂಡು ಓಡಿದೆ. ಮುಂದೆ ಹೊರಟಿದ್ದ ಹೆಂಗಸಿನ ಸೀರೆ ಹಿಡಿದು, "ಕಳಿಸ್ಬೇಡಿ, ಕಳಿಸ್ಬೇಡಿ" ಎಂದು ಅಳತೊಡಗಿದೆ. ಅಪಶಕುನ ಎಂದು ಯಾರೋ ಗದರಿದರು. ಸೋದರತ್ತೆ ಬಂದು ರಟ್ಟೆ ಹಿಡಿದು ಎಳೆದಳು. ಆಗ ದೊಡ್ಡವ್ವ ಹೊರಗೆ ಬಂದರು. ಒದ್ದೆ ಕೂದಲು, ಅರಿಸಿನ ಹತ್ತಿದ ಮೈ, ಮುಖದ ತುಂಬ ಕಪ್ಪು ಕಲೆ. ಗೋಡೆ ಹಿಡಿದುಕೊಂಡೇ ನಿಂತು ನನ್ನನ್ನು ನೋಡಿದರು. ಅವರಿಗೆ ಏನು ಹೊಳೆಯಿತೋ.

"ಬಿಡು ಆ ಕೂಸ್ನ" ಎಂದರು ಅತ್ತೆಗೆ. "ಅದೂ ಬರ್ಲಿ. ಅದ್ರ ಕೈಲೂ ಒಂದ್ ಇಡಿ ಅನ್ನ ಮಡಗಿಸ್ರಿ."

"ಚಿಕ್ಕ ಮಗು ದೊಡ್ಡವ್ವ, ಅದಕ್ಕೇನು ಗೊತ್ತಾಗುತ್ತೆ?" ಎಂದಳು ಅತ್ತೆ.

"ಗೊತ್ತಾಗ್ತದೆ. ಕಳ್ಸಕ್ಕೆ ಬರ್ದಿದ್ರೆ ಅದೆಂಗ್ ಗೊತ್ತಾಗ್ತದೆ?"

ಊರಾಚೆ, ಹೊಂಗೆ ಮರದ ಕೆಳಗೆ ಮಾರಮ್ಮನ ಚಿಕ್ಕ ಗುಡಿ. ಹೊಂಗೆ ಆಗಷ್ಟೇ ಚಿಗುರಿ ತಳತಳ ಎನ್ನುತ್ತಿತ್ತು. ನಡೆಯಲಾರದ ದೊಡ್ಡವ್ವ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಅಲ್ಲಿಯವರೆಗೂ ಬಂದರು. ನನ್ನ ಅಂಗೈಗೆ ಮೊಸರನ್ನ ಹಾಕಿ, ಎಲೆಯ ಮೇಲೆ ಇಡಿಸಿ, ಕಿವಿಯ ಹತ್ತಿರ ಬಗ್ಗಿ ಹೇಳಿದರು.

"ಈಗ ಯೇಳು. ನೀನ್ ಬಂದಿದ್ದೆ, ನಾನ್ ನೋಡ್ದೆ, ಸಂತೋಸ. ತಣ್ಣಗೆ ಓಗ್ಬಾ ತಾಯಿ, ಅನ್ನು."

ನಾನು ಹೇಳಿದೆ. "ತಣ್ಣಗೆ ಹೋಗ್ಬಾ ಅಮ್ಮ." ಹಿಂದೆ ನಿಂತಿದ್ದ ಸೋದರತ್ತೆಗೆ ಆಗ ಅರ್ಥವಾಗಿರಬೇಕು. ಅವಳು ಸೆರಗು ಬಾಯಿಗೆ ತುರುಕಿಕೊಂಡು ಮರದ ಬುಡದಲ್ಲಿ ಕುಸಿದಳು. ಬರುವಾಗ ಹಿಂತಿರುಗಿ ನೋಡಬಾರದು ಎಂದಿದ್ದರು. ನಾನು ನೋಡಲಿಲ್ಲ. ಅವತ್ತು ರಾತ್ರಿ ಅಪ್ಪನ ಪಕ್ಕ ಮಲಗಿ, "ಅಮ್ಮ ಹೋದ್ಲು ಅಪ್ಪ, ನಾನೇ ಕಳಿಸ್ದೆ" ಎಂದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಅಮ್ಮ ತೀರಿಕೊಂಡ ಮೇಲೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಆಮೇಲಿನದು ಎಲ್ಲರ ಬದುಕಿನ ಹಾಗೆಯೇ. ಮದುವೆಯಾಗಿ ವಿದ್ಯಾರಣ್ಯಪುರಕ್ಕೆ ಬಂದೆ. ಸುತ್ತ ಕಟ್ಟಡಗಳು ಎದ್ದರೂ ದೊಡ್ಡವ್ವ ಹಿತ್ತಲನ್ನು ಬಿಟ್ಟುಕೊಡಲಿಲ್ಲ. "ಅದ್ನೂ ಮುಚ್ಚಿ ಗೂಡು ಕಟ್ಬುಟ್ರೆ ನಾನೇನ್ ಪಾರಿವಾಳಾನಾ ಒಳಗ್ ಕುಂತ್ಕಳಕ್ಕೆ?" ಎಂದು ಮಕ್ಕಳ ಬಾಯಿ ಮುಚ್ಚಿಸಿದರು. ನಮ್ಮ ತೋಟದ ಮಲ್ಲಿಗೆ ಅವರು ಕೊಟ್ಟ ಕಡ್ಡಿಯಿಂದ ಬಂದದ್ದು. ಬಸ್ಸು ಹಿಡಿದು ಹೋದರೆ ಗದರುತ್ತಲೇ ಮಡಿಲು ತುಂಬುತ್ತಿದ್ದರು, "ಇಷ್ಟ್ ದಿನಕ್ಕೆ ದಾರಿ ಗೊತ್ತಾಯ್ತಾ?" ಎಂದು.

ಒಮ್ಮೆ ಧೈರ್ಯ ಮಾಡಿ ಕೇಳಿದೆ. ಅವರು ಕನಕಾಂಬರದ ಕಳೆ ತೆಗೆಯುತ್ತಿದ್ದರು.

"ದೊಡ್ಡವ್ವ, ನಿಮಗೆ ಅಮ್ಮ ಬಂದಿದ್ದಾಗ ಕಿಟಕಿ ಹತ್ರ ನಿಂತು ನಾನು ಮಾತಾಡ್ತಿದ್ನಲ್ಲ. ಉತ್ತರ ಕೊಡ್ತಿದ್ದಿದ್ದು ನೀವೇ ತಾನೆ?"

ಕೈ ನಿಂತಿತು. ತಲೆ ಎತ್ತಲಿಲ್ಲ. "ಜರ ಬಂದೋರ್ಗೆ ಏನ್ ಗ್ಯಾಪ್ಕ ಇರ್ತದೆ ಕೂಸೆ? ಆ ಬುಡಕ್ಕೊಂದ್ ಚೊಂಬು ನೀರುಯ್ಯಿ."

ಮಾಡಿದ್ದನ್ನು ಹೇಳಿಕೊಳ್ಳುವವರಲ್ಲ ಅವರು. ಹಾಗೆಂದೇ ತಿಳಿದು ನೀರು ಹಾಕಿದೆ. ಬೇಲಿಯಾಚೆಯಿಂದ ಅಮ್ಮ ನನ್ನನ್ನು ಕರೆಯುವುದನ್ನು ಅವರು ದಿನಾ ಕೇಳಿದ್ದವರು. ಪುಟ್ಟಿ ಎಂಬ ಹೆಸರು ಅವರಿಗೆ ಗೊತ್ತಿಲ್ಲದೆ ಏನು? ಎಷ್ಟೋ ವರ್ಷ ನನಗೆ ಆ ಉತ್ತರ ಸಾಕಾಗಿತ್ತು.

ಹೋದ ವರ್ಷ ಇದೇ ದಿನಗಳಲ್ಲಿ ದೊಡ್ಡವ್ವ ಹೋದರು. ಬೆಳಗ್ಗೆ ಹಿತ್ತಲಿಗೆ ಹೋಗಿ ಬಂದು, ಕಾಫಿ ಕೇಳಿ, ಸೊಸೆ ಲೋಟ ತರುವಷ್ಟರಲ್ಲಿ ಗೋಡೆಗೆ ಒರಗಿದ್ದರಂತೆ. ಒಳ್ಳೆಯ ಸಾವು. ಮೂರನೆಯ ದಿನ ಹಾಲುತುಪ್ಪಕ್ಕೆ ಹೋಗಿದ್ದೆ. ಸಮಾಧಿಗೆ ಹಾಲು ಬಿಟ್ಟು ಬಂದು ಹೆಂಗಸರೆಲ್ಲ ಅಂಗಳದಲ್ಲಿ ಕುಳಿತಿದ್ದೆವು. ನನ್ನ ಪಕ್ಕದಲ್ಲಿ ದೊಡ್ಡವ್ವನ ತಂಗಿ. ಆ ಬೇಸಿಗೆಯಲ್ಲಿ ಬಂದು ಅಕ್ಕನ ಆರೈಕೆ ಮಾಡಿದವರು ಅವರೇ.

"ಆವತ್ತೇ ಓಗ್ಬೇಕಾಗಿತ್ತು ನಮ್ಮಕ್ಕ, ತಾಯಿ ಉಳಿಸ್ಕೊಟ್ಲು" ಎಂದರು ಮುದುಕಿ. "ಗಂಟ್ಲೊಳ್ಗೆಲ್ಲ ಗುಳ್ಳೆ ಎದ್ಬುಟ್ಟಿತ್ತು ಕಣವ್ವ. ನೀರು ಇಳೀತಿರ್ಲಿಲ್ಲ, ಬತ್ತಿ ಅದ್ದಿ ಅದ್ದಿ ತುಟಿಗೆ ಬಿಡ್ತಿದ್ದೆ. ತಲೆಗೆ ನೀರ್ ಆಕೋಗಂಟ ಒಂದ್ ಮಾತ್ ಆಡ್ಲಿಲ್ಲ. ಎಲ್ಲಾ ಕೈಸನ್ನೆನೇ."

"ಒಂದು ಮಾತೂ ಇಲ್ವಾ?" ಎಂದೆ.

"ಎಲ್ ಬತ್ತದೆ ಮಾತು? ಉಸುರಾಡಿದ್ದೇ ಎಚ್ಚು."

ಅಷ್ಟರಲ್ಲಿ ಎಲೆ ಹಾಕಿದರು. ಅವರು ಎದ್ದು ಹೋದರು. ನಾನು ಊಟ ಮಾಡಿದೆ, ಏನು ಬಡಿಸಿದರೋ ತಿಳಿಯಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ದೀಪ ಹಚ್ಚಿ ಕುಳಿತೆ. ಹನಿ ನೀರೂ ಇಳಿಯದ ಗಂಟಲಿನಿಂದ, ಕರುಳು ಕಿತ್ತು ಬರುವ ನೋವಿನಲ್ಲಿ, ಪಕ್ಕದ ಮನೆಯ ಮಗುವಿಗಾಗಿ ದೊಡ್ಡವ್ವ ದಿನಾ ಒಂದೊಂದು ಮಾತು ಹೊರಡಿಸಿದ್ದರೆ, ಆ ಋಣ ನನ್ನಿಂದ ತೀರುವಂಥದ್ದಲ್ಲ. ಮಾತಾಡಿದ್ದು ಅವರಲ್ಲದಿದ್ದರೆ, ಆ ಕತ್ತಲಲ್ಲಿ ನನ್ನನ್ನು ಪುಟ್ಟಿ ಎಂದು ಕರೆದದ್ದು ಯಾರು? ಕೇಳಲು ಈಗ ಅವರಿಲ್ಲ. ಕೈ ಜೋಡಿಸಿದೆ. ಯಾರನ್ನು ನೆನೆಯಬೇಕೆಂದು ತೋಚಲಿಲ್ಲ.

"ಅಮ್ಮಾ" ಎಂದೆ. ಯಾರು ಓಗೊಟ್ಟರೂ ಸರಿ.