ಗೇಟಿನ ಚೀಲಗಳನ್ನು ಓದುವ ಕೊರೀನ್

ಬೆಳಗಿನ ಆರೂಕಾಲು. ಫ್ರಾನ್ಸಿನ ಅವೆರೋನ್ ಗುಡ್ಡದ ಮೇಲೆ ಮಂಜು ಇನ್ನೂ ಕರಗಿಲ್ಲ. ಏಳೇ ಮನೆಗಳ ಕೊಂಬೆಲ್ ಹಳ್ಳಿಯ ತಿರುವಿನಲ್ಲಿ ಬಿಳಿ ವ್ಯಾನೊಂದು ಎರಡು ಸಲ ಹಾರ್ನ್ ಹೊಡೆದು ನಿಲ್ಲುತ್ತದೆ. ಕೊರೀನ್ ವೆಸಿಯೆರ್ ಇಳಿದು, ಗೇಟಿಗೆ ನೇತುಹಾಕಿದ ಬಟ್ಟೆಚೀಲದೊಳಕ್ಕೆ ಉದ್ದನೆಯ ಬ್ರೆಡ್ಡನ್ನು ಇಳಿಬಿಟ್ಟು, ಚೀಲವನ್ನು ಮೇಲಿಂದ ಕೆಳಗೆ ದಿಟ್ಟಿಸುತ್ತಾರೆ. ಆಮೇಲೆ ಗೇಟು ತಳ್ಳಿಕೊಂಡು ಹೋಗಿ ಕಿಟಕಿಯನ್ನೂ ಬಡಿಯುತ್ತಾರೆ. ಈ ಕಿಟಕಿ ಬಡಿಯುವುದು ಏಪ್ರಿಲ್‌ನಿಂದ ಶುರುವಾದದ್ದು.

ಕೊರೀನ್‌ಗೆ ಐವತ್ತೇಳು. ಗುಡ್ಡದ ಕೆಳಗಿನ ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು ಮೇಲೇರಲು ತೊಡಗಿ ಇಪ್ಪತ್ತೆರಡು ವರ್ಷವಾಯಿತು. ಸೋಮವಾರ ರಜೆ. ಉಳಿದ ದಿನ ಹನ್ನೊಂದು ಹಳ್ಳಿ, ನಲವತ್ತೊಂದು ಮನೆ, ಎಪ್ಪತ್ಮೂರು ಕಿಲೋಮೀಟರ್. ಗಂಡ ತೀರಿಕೊಂಡು ಒಂಬತ್ತು ವರ್ಷ. ಮಣ್ಣು ಮಾಡಿದ ಮರುದಿನವೂ ವ್ಯಾನು ಹೊರಟಿತ್ತು. "ನನ್ನ ದುಃಖಕ್ಕೆ ಜನ ಉಪವಾಸ ಕೂರ್ಬೇಕಾ?" ಎನ್ನುತ್ತಾರೆ, ಅದೇನೂ ದೊಡ್ಡ ಮಾತಲ್ಲವೆಂಬಂತೆ.

ಇಲ್ಲಿ ಮಾತಿಗಿಂತ ಚೀಲವೇ ಹೆಚ್ಚು ಹೇಳುತ್ತದೆ. ರಾತ್ರಿ ಮಲಗುವ ಮುಂಚೆ ಖಾಲಿ ಚೀಲ ಗೇಟಿಗೆ ಬರಬೇಕು. ಬರದಿದ್ದರೆ ಮನೆಯವರು ಊರಲ್ಲಿಲ್ಲ. ನಿನ್ನೆಯ ಬ್ರೆಡ್ಡು ಇನ್ನೂ ಚೀಲದಲ್ಲೇ ಇದ್ದರೆ ಕೊರೀನ್ ಎಂಜಿನ್ ಆರಿಸಿ ಬಾಗಿಲು ತಟ್ಟುತ್ತಾರೆ. ಯಾರೂ ಬರೆದಿಟ್ಟ ನಿಯಮವಲ್ಲ. ಇದರಿಂದ ಉಳಿದ ಜೀವಗಳು ಈವರೆಗೆ ಮೂರು.

ಮಾರ್ಚ್ ಮೊದಲಿಗೆ, ಇದೇ ಕೊಂಬೆಲ್‌ನಲ್ಲಿ ಒಂಟಿಯಾಗಿರುವ ಎಂಬತ್ತಾರರ ಅಜ್ಜಿ ಫೆರ್ನಾಂದ್ ಅವರ ಎದುರು ಮನೆಗೆ ಬಿರ್ಗಿಟ್ ಬಂದರು. ಡೆನ್ಮಾರ್ಕಿನ ನಿವೃತ್ತ ಟೀಚರ್, ಜೂನ್ ಮುಗಿಯುವವರೆಗೆ ಬಾಡಿಗೆ. ವಾರ ಕಳೆಯುವಷ್ಟರಲ್ಲಿ ಇಬ್ಬರಿಗೂ ಹಾಲು-ಜೇನಿನ ಸ್ನೇಹ. ಒಟ್ಟಿಗೆ ಆಲೂಗಡ್ಡೆ ನೆಟ್ಟರು, ಕಾಡಂಚಿನಲ್ಲಿ ಡ್ಯಾಂಡೆಲಿಯನ್ ಎಂಬ ಕಾಡುಸೊಪ್ಪು ಕಿತ್ತರು. "ಇವಳು ಸೊಪ್ಪನ್ನ ಬೇರುಸಮೇತ ಕೀಳ್ತಾಳೆ. ಮುಂದಿನ ವರ್ಷಕ್ಕೆ ಏನೂ ಉಳಿಸಲ್ಲ," ಎಂದು ಫೆರ್ನಾಂದ್ ಊರೆಲ್ಲ ಸಾರಿದರು. ಗುರುವಾರದ ಕಾಫಿಗೆ ಕೊರೀನ್ ಕೂಡ ಸೇರಿ ಮೂವರಾದರು.

ಏಪ್ರಿಲ್ ಎರಡನೇ ವಾರದ ಮಂಗಳವಾರ ಮಧ್ಯಾಹ್ನ ಫೆರ್ನಾಂದ್ ಅವರ ಚೀಲದೊಳಗಿನ ಬ್ರೆಡ್ಡನ್ನು ಹಕ್ಕಿಗಳು ಕುಕ್ಕುತ್ತಿದ್ದವು. ಅಜ್ಜಿ ಮಗಳ ಮನೆಗೆ ಹೋಗಿರಬೇಕು, ಪಾಪ, ಹಾಳಾಗದಿರಲಿ ಎಂದುಕೊಂಡ ಬಿರ್ಗಿಟ್ ಬ್ರೆಡ್ಡನ್ನು ತಮ್ಮ ಮನೆಗೆ ಒಯ್ದು, ಚೀಲ ಕೊಡವಿ ಮತ್ತೆ ಅಚ್ಚುಕಟ್ಟಾಗಿ ನೇತುಹಾಕಿದರು.

ಬುಧವಾರ ಕೊರೀನ್ ಬಂದಾಗ ಚೀಲ ಖಾಲಿ. ಅಂದರೆ ಎಲ್ಲ ಸರಿಯಾಗಿದೆ. ಹೊಸ ಬ್ರೆಡ್ಡು ಹಾಕಿ ಹೊರಟೇಬಿಟ್ಟರು. ಎರಡು ಕಿಲೋಮೀಟರ್ ದಾಟಿದ ಮೇಲೆ ಮನಸ್ಸಿನಲ್ಲಿ ಏನೋ ಚುಚ್ಚಿತು. ಚೀಲದ ಎರಡೂ ಹಿಡಿಗಳು ಕೊಕ್ಕೆಗೆ ಸಿಕ್ಕಿಸಿದ್ದವು. ಹೆಗಲು ನೋವಿನ ಫೆರ್ನಾಂದ್ ಯಾವತ್ತೂ ಸಿಕ್ಕಿಸುವುದು ಒಂದೇ ಹಿಡಿ. ಕೊರೀನ್ ವ್ಯಾನು ತಿರುಗಿಸಿದರು.

ಹಿಂಬಾಗಿಲಿನಿಂದ ಒಳಹೊಕ್ಕರೆ ಅಡುಗೆಮನೆಯ ಕಲ್ಲು ನೆಲದ ಮೇಲೆ ಫೆರ್ನಾಂದ್. ಸೊಂಟದ ಮೂಳೆ ಮುರಿದಿದೆ. ಮೇಜಿನ ಹಾಸುಬಟ್ಟೆ ಎಳೆದು ಹೊದ್ದಿದ್ದಾರೆ. ಬೆಕ್ಕಿನ ಬಟ್ಟಲಿನ ನೀರಿನಲ್ಲಿ ಬೆರಳದ್ದಿ ತುಟಿ ಒದ್ದೆ ಮಾಡಿಕೊಂಡು ಒಂದು ಹಗಲು, ಒಂದು ರಾತ್ರಿ ಕಳೆದಿದ್ದಾರೆ.

"ನಿನ್ನೆಯೂ ಹಾರ್ನ್ ಕೇಳಿಸ್ತು ಮಗಳೇ," ಎಂದರು ಫೆರ್ನಾಂದ್. "ಇವತ್ತು ಬ್ರೆಡ್ಡು ನೋಡಿ ಒಳಗೆ ಬರ್ತೀಯ ಅಂದ್ಕೊಂಡೆ. ನೀನು ಹೋಗಿಬಿಟ್ಟೆ."

ಆ ಮಾತು ಈಗ ಹೇಳುವಾಗಲೂ ಕೊರೀನ್ ಸ್ಟೀರಿಂಗ್ ಬಿಟ್ಟು ಮುಖ ಒರೆಸಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಚೀಲ ಸುಳ್ಳು ಹೇಳಿದ್ದು ಅದೇ ಮೊದಲು.

ಆಂಬುಲೆನ್ಸ್ ಬಂದಾಗ ಬಿರ್ಗಿಟ್ ಮಂಗಳವಾರದ ಬ್ರೆಡ್ಡನ್ನು ಎದೆಗವಚಿಕೊಂಡು ರಸ್ತೆಗೆ ಬಂದರು. "ಇದನ್ನ ತೆಗೆದದ್ದು ನಾನು," ಎಂದಷ್ಟೇ ಅಂದರು. ಕೊರೀನ್ ವ್ಯಾನು ಹತ್ತಿ ಹೊರಟುಬಿಟ್ಟರು. ಮುಂದಿನ ಎರಡು ಗುರುವಾರ ಕಾಫಿ ಇರಲಿಲ್ಲ. ಬಿರ್ಗಿಟ್ ಪೆಟ್ಟಿಗೆ ಕಟ್ಟತೊಡಗಿದ್ದರು. ಮೂರನೇ ಗುರುವಾರ ಅವರ ಬಾಗಿಲು ತಟ್ಟಿದ್ದು ಕೊರೀನ್.

"ತಪ್ಪು ನಂದು," ಎನ್ನುತ್ತಾರೆ. "ನಾಲ್ಕೈದು ವಾರ ಅವರ ಕೈಯಿಂದ ಕಾಫಿ ಕುಡಿದೆ. ಚೀಲ ಮುಟ್ಬಾರ್ದು ಅಂತ ಹೇಳಲೇ ಇಲ್ಲ. ಇಲ್ಲಿನವರಿಗೆ ಹುಟ್ಟುತ್ಲೇ ಗೊತ್ತಿರೋ ವಿಷಯ, ಇದನ್ನೂ ಯಾರಾದ್ರೂ ಹೇಳಿಕೊಡ್ತಾರಾ ಅಂತ."

ಪೆಟ್ಟಿಗೆ ಬಿಚ್ಚಿದ ಬಿರ್ಗಿಟ್ ಆ ದಿನ ಒಂದೇ ಪ್ರಶ್ನೆ ಕೇಳಿದರಂತೆ: ಒಂಟಿಯಾಗಿರುವ ನಿಮ್ಮ ಚೀಲ ನೋಡುವವರು ಯಾರು? ಕೊರೀನ್ ಅವರ ಗೇಟಿನಲ್ಲಿ ಚೀಲವೇ ಇಲ್ಲ. ಬ್ರೆಡ್ಡಿನವಳ ಮನೆಗೆ ಬ್ರೆಡ್ಡು ಹಾಕುವವರಾರು?

ಊರುಗೋಲು ಹಿಡಿದು ಆಸ್ಪತ್ರೆಯಲ್ಲಿ ನಡೆಯಲು ಕಲಿಯುತ್ತಿರುವ ಫೆರ್ನಾಂದ್ ಈ ಸುದ್ದಿ ಕೇಳಿ ನಕ್ಕುಬಿಟ್ಟರು. "ನೀನು ಹತ್ತು ನಿಮಿಷ ತಡ ಮಾಡಿದ್ರೆ ಇಡೀ ಗುಡ್ಡ ಬೈಕೊಂಡು ಬೀದಿಗೆ ಬರುತ್ತೆ. ನಿನಗ್ಯಾಕೆ ಚೀಲ?"

ನಿಜವೇ. ಆ ಬುಧವಾರ ವ್ಯಾನು ಎರಡು ಗಂಟೆ ತಡವಾಗಿತ್ತು. ಹದಿನಾಲ್ಕು ಮನೆಯವರು ಗೇಟಿನಲ್ಲೇ ನಿಂತು ಬೈದರು. ಏನಾಯಿತೆಂದು ಕೇಳಿದವರು ಒಬ್ಬರೂ ಇಲ್ಲ.

"ಬೈಯಲಿ ಬಿಡಿ," ಎನ್ನುತ್ತಾ ಕೊರೀನ್ ಗೇರ್ ಹಾಕುತ್ತಾರೆ. "ಬೈಯೋಕೆ ಮುಂಚೆ ಒಂದು ಸಲ ಫೋನ್ ಮಾಡ್ಲಿ. ಅಷ್ಟು ಸಾಕು ನನಗೆ."