ಗತ್ತಾಸನ ದರ್ಜೆಯಿಲ್ಲದ ಕೋಣೆ

ಗತ್ತಾಸನಿಗೆ ತಲೆನೋವು ಇರಲಿಲ್ಲ. ಆದರೂ ಅವನ ಮೇಜಿನ ಖಾನೆ ತುಂಬ ತಲೆನೋವಿನ ಮಾತ್ರೆಗಳಿದ್ದವು. ನಮ್ಮ ಕಚೇರಿ ಮಾದಬಾ ಊರಿನ ಹಳೆಯ ಇಗರ್ಜಿಯ ಹಿಂದಿನ ಬೀದಿಯಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಆ ಅಂಗಡಿ ನಡೆಸುತ್ತಿದ್ದವಳು ಸಮೀಹಾ. ಇಷ್ಟು ಹೇಳಿದರೆ ಮಿಕ್ಕದ್ದು ಯಾರಿಗಾದರೂ ಹೊಳೆಯುತ್ತದೆ. ಹೊಳೆಯದೆ ಉಳಿದವನು ಗತ್ತಾಸ್ ಒಬ್ಬನೇ. ಬಹಳ ಕಾಲ ಮಾತ್ರೆ ಮಾರಿ ಬೇಸತ್ತು ಒಂದು ದಿನ ಸಮೀಹಾಳೇ ಬಾಯಿಬಿಟ್ಟಳು: "ನಿಜವಾಗ್ಲೂ ತಲೆ ನೋಯ್ತಿದ್ರೆ ಡಾಕ್ಟರ ಹತ್ರ ಹೋಗು. ಇಲ್ದಿದ್ರೆ ನಮ್ಮಪ್ಪನ ಹತ್ರ ಹೋಗು."

ನಾನು ಆ ಕಚೇರಿಯಲ್ಲಿ ಆಟಗಾರರ ದೂರುಗಳಿಗೆ ಉತ್ತರ ಬರೆಯುವವಳು. ಊರಿನವರಿಗೆ ನಾನು ಉಮ್ ಬಿಶಾರಾ, ಅಂದರೆ ಬಿಶಾರಾನ ತಾಯಿ. ನಮ್ಮ ಕಚೇರಿ ತಯಾರಿಸಿದ ಆಟದ ಹೆಸರು ಹಜರ್, ಅಂದರೆ ಕಲ್ಲು. ಫೋನಿನಲ್ಲಿ ಇಬ್ಬರು ಎದುರುಬದುರಾಗಿ ಆಡುವುದು. ಇಬ್ಬರಿಗೂ ಒಂದೇ ಚಿತ್ರದ ಕಲ್ಲುಚೂರುಗಳು ಬರುತ್ತವೆ: ನವಿಲೋ, ಮೀನೋ, ದ್ರಾಕ್ಷಿ ಬಳ್ಳಿಯೋ. ಮೊದಲು ಜೋಡಿಸಿ ಮುಗಿಸಿದವರಿಗೆ ಗೆಲುವು. ಗೆದ್ದವರು ಮಣ್ಣಿನ ದರ್ಜೆಯಿಂದ ಸುಣ್ಣಕಲ್ಲಿಗೆ, ಅಲ್ಲಿಂದ ಅಮೃತಶಿಲೆಗೆ, ಕೊನೆಗೆ ಚಿನ್ನಕ್ಕೆ ಏರುತ್ತಾರೆ. ಸೋತವರು ಇಳಿಯುತ್ತಾರೆ, ಇಳಿದ ತಕ್ಷಣ ನನಗೆ ಬೈದು ಬರೆಯುತ್ತಾರೆ. ಎಲ್ಲರೂ ಸುಳ್ಳು ಹೆಸರಿನಲ್ಲಿ ಆಡುವುದರಿಂದ ಬೈಗುಳಕ್ಕೆ ಲಂಗುಲಗಾಮಿರಲಿಲ್ಲ.

ಈ ದರ್ಜೆಗಳ ಲೆಕ್ಕವನ್ನೆಲ್ಲ ಕಟ್ಟಿದವನು ಗತ್ತಾಸ್. ಚಿಕ್ಕಂದಿನಲ್ಲಿ ಅವನು ಅಜ್ಜನ ಜೊತೆ ಇಸ್ಪೀಟು ಆಡುವಾಗ ಅಜ್ಜ ಎಲೆ ಮುಚ್ಚಿಟ್ಟರೆ ನೆಂಟರ ಮುಂದೆಯೇ ಹೇಳಿಬಿಡುತ್ತಿದ್ದನಂತೆ. ಅಜ್ಜ ಅವನನ್ನು ಆಟಕ್ಕೆ ಸೇರಿಸುವುದನ್ನು ಬಿಟ್ಟರು, ಅವನು ಹೇಳುವುದನ್ನು ಬಿಡಲಿಲ್ಲ. ಅಂಥವನು ಲೆಕ್ಕ ಕಟ್ಟಿದರೆ ಲೆಕ್ಕ ಹೇಗಿರುತ್ತದೆ? ಮಾಲೀಕ ತೌಫೀಕನ ಸ್ವಂತ ತಮ್ಮ ಇವತ್ತಿಗೂ ಮಣ್ಣಿನಲ್ಲೇ ಇದ್ದಾನೆ.

ಸಮೀಹಾಳ ಅಪ್ಪ ಅಬು ಸುಹೈಲರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಿವೃತ್ತಿಯವರೆಗೆ ಅವರು ವಾಹನ ಪರವಾನಗಿಯ ಪರೀಕ್ಷಕರು. ಮೊದಲ ಸಲಕ್ಕೆ ಅವರು ಯಾರನ್ನೂ ಪಾಸು ಮಾಡಿದ್ದಿಲ್ಲ. ನನ್ನನ್ನೂ ಮಾಡಲಿಲ್ಲ, ಊರಿನ ಪಾದ್ರಿಯನ್ನೂ ಮಾಡಲಿಲ್ಲ. ಗತ್ತಾಸನನ್ನಂತೂ ಎಷ್ಟು ಸಲ ಫೇಲು ಮಾಡಿದರೆಂದರೆ, ಅವನು ಆಸೆಯನ್ನೇ ಬಿಟ್ಟು ನಡೆದುಕೊಂಡು ಓಡಾಡತೊಡಗಿದ. ಪ್ರತಿ ಸಲವೂ ಕಾರಣ ಒಂದೇ. ಎಡಗಡೆಯ ಕನ್ನಡಿ ನೋಡಲಿಲ್ಲ.

ನಿವೃತ್ತಿಯಾದ ಮೇಲೆ ಅಬು ಸುಹೈಲರಿಗೆ ಫೇಲು ಮಾಡಲು ಯಾರೂ ಸಿಗಲಿಲ್ಲ. ಹಜರ್ ಆಡಲು ಕೂತರು. ಚಿನ್ನಕ್ಕೇರಿದರು. ಕ್ಷೌರದಂಗಡಿಯಲ್ಲಿ ಅವರಿಗೆ ಮೊದಲ ಕುರ್ಚಿ ಸಿಗತೊಡಗಿತು. ಅಷ್ಟರಲ್ಲಿ 'ಕುರುಡು ಗೂಬೆ' ಎಂಬ ಹೆಸರಿನ ಯಾರೋ ಅವರನ್ನು ಸೋಲಿಸಿದ. ಮತ್ತೆ ಸೋಲಿಸಿದ. ಮರುದಿನವೂ ಸೋಲಿಸಿದ. ಅಬು ಸುಹೈಲ್ ಅಮೃತಶಿಲೆಗೆ ಬಿದ್ದರು.

ಕುರುಡು ಗೂಬೆ ನಮ್ಮ ಗತ್ತಾಸನೇ. ಆಟ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಅವನು ಸಂಜೆ ಹೊತ್ತು ಆ ಹೆಸರಿನಲ್ಲಿ ಆಡುತ್ತಿದ್ದ. ಎದುರಿಗಿರುವವರು ಯಾರೆಂದು ಅವನಿಗೂ ತಿಳಿದಿರಲಿಲ್ಲ. ತಿಳಿದದ್ದು ಸಮೀಹಾ ಅಳುಮುಖ ಹೊತ್ತು ಮಹಡಿ ಹತ್ತಿ ಬಂದಾಗ.

"ಅಪ್ಪ ಮನೆಬಿಟ್ಟು ಹೊರಗೆ ಬರ್ತಿಲ್ಲ," ಅಂದಳು ಗತ್ತಾಸನಿಗೆ. "ಮುಂದಿನ ತಿಂಗಳು ನಿಮ್ಮ ಕಡೆಯವರು ಹೆಣ್ಣು ಕೇಳೋಕೆ ಬರೋದು ಬೇಡ ಅಂತಿದ್ದಾರೆ. ಅಮೃತಶಿಲೆಯವನ ಮನೆಗೆ ಯಾವ ಮುಖ ಇಟ್ಕೊಂಡು ಜನರನ್ನ ಕರೀಲಿ ಅಂತಾರೆ. ಮೊದ್ಲು ಆ ಗೂಬೆ ಯಾವನು ಅಂತ ಗೊತ್ತಾಗ್ಬೇಕಂತೆ, ಅವನ ಕುತ್ತಿಗೆ ಹಿಡಿದ ಮೇಲೇನೇ ಮದುವೆ ಮಾತಂತೆ."

ಗತ್ತಾಸ್ ಪರದೆಯನ್ನೇ ನೋಡುತ್ತ ಕೂತ. ಅವನ ಕಿವಿ ಕೆಂಪಾದುದನ್ನು ಮೊದಲು ನಾನು ನೋಡಿದೆ, ಆಮೇಲೆ ಅವಳು ನೋಡಿದಳು.

"ಅಯ್ಯೋ ನಿನ್ನ!" ಅಂದಳು ಸಮೀಹಾ. "ನೀನೇನಾ?"

"ಹೆಸರು ಕಾಣಿಸ್ತಿರಲಿಲ್ಲ," ಅಂದ ಅವನು.

ಆ ವಾರವೇ ಅಬು ಸುಹೈಲರ ಅಣ್ಣ ಬಂಧುಬಳಗದ ಹಿರಿಯರನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದರು. ಕೊಲೆಯಾದರೆ, ಕಾರು ಗುದ್ದಿದರೆ, ಹೆಣ್ಣು ಕೇಳಬೇಕಾದರೆ ನಮ್ಮಲ್ಲಿ ಹಿರಿಯರ ಜಾಹಾ, ಅಂದರೆ ಬೇಡಿಕೆ ಹೊತ್ತ ನಿಯೋಗ, ಹೊರಡುವುದು ವಾಡಿಕೆ. ಆಟದ ದರ್ಜೆಗಾಗಿ ಜಾಹಾ ಹೊರಟದ್ದನ್ನು ನಾನು ಮೊದಲ ಸಲ ನೋಡಿದೆ. ಕುರ್ಚಿ ಸಾಲದೆ ಕೆಲವರು ಕಂಪ್ಯೂಟರಿನ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತರು. ನಾನು ಏಲಕ್ಕಿ ಹಾಕಿದ ಕಹಿ ಕಾಫಿ ಬಗ್ಗಿಸಿದೆ. ಅಣ್ಣ ಬಟ್ಟಲು ತೆಗೆದುಕೊಂಡು, ತುಟಿಗೆ ತಾಗಿಸದೆ ನೆಲದ ಮೇಲಿಟ್ಟರು. ಎಲ್ಲರೂ ಇಟ್ಟರು.

"ನಮ್ಮ ಬೇಡಿಕೆ ನಡೆಸಿಕೊಡೋವರೆಗೂ ನಿಮ್ಮ ಕಾಫಿ ಕುಡಿಯೋದಿಲ್ಲ," ಅಂದರು ಅಣ್ಣ. "ತಮ್ಮನಿಗೆ ಅವನ ಚಿನ್ನ ವಾಪಸ್ ಕೊಡಿ."

ತೌಫೀಕ್ ಆಗಲೇ ಗತ್ತಾಸನ ಕಿವಿಯಲ್ಲಿ, "ಒಂದು ಅಂಕಿ ತಾನೆ, ತಿದ್ದಿಬಿಡೋ ಮಾರಾಯ," ಅನ್ನುತ್ತಿದ್ದ. ನಾನಾಗಿದ್ದರೆ ತಿದ್ದಿಬಿಡುತ್ತಿದ್ದೆ. ಹುಡುಗಿಯ ದೊಡ್ಡಪ್ಪ ಎದುರಿಗೆ ಕೂತಿದ್ದಾರೆ, ಕಾಫಿ ಆರುತ್ತಿದೆ, ಒಂದು ಗುಂಡಿ ಒತ್ತಿದರೆ ಎಲ್ಲ ಮುಗಿಯಿತು! ಈ ಮೂರ್ಖ ಎದ್ದು ನಿಂತು ಹೇಳಿದ, "ಒಂದನ್ನ ಕೈಯಿಂದ ತಿದ್ದಿದ್ರೆ ಮಿಕ್ಕಿದ್ದೆಲ್ಲ ಸುಳ್ಳಾಗುತ್ತೆ, ಹಿರಿಯರೇ. ಅಬು ಸುಹೈಲ್ ಹತ್ತಿದ್ದೂ ಸುಳ್ಳಾಗುತ್ತೆ. ಅದರ ಬದಲು ದರ್ಜೆಯೇ ಇಲ್ಲದ ಒಂದು ಕೋಣೆ ಮಾಡಿಕೊಡ್ತೀನಿ."

"ಅಲ್ಲಿ ಸೋತರೆ?" ಅಂದರು ಅಣ್ಣ.

"ಇಳಿಯೋದಿಲ್ಲ."

"ಗೆದ್ದರೆ?"

"ಏರೋದೂ ಇಲ್ಲ."

"ಹಾಗಾದ್ರೆ ಅಲ್ಲಿ ಯಾವನು ಆಡ್ತಾನೆ, ಯಾಕೆ ಆಡ್ತಾನೆ?"

"ಮನೆಗೆ ಬಂದು ಹೋದ ಹಾಗೆ," ಅಂದ ಗತ್ತಾಸ್.

ಹಿರಿಯರು ಮುಖ ಮುಖ ನೋಡಿಕೊಂಡರು. ಅಣ್ಣ ಬಟ್ಟಲು ಎತ್ತಿ ಕುಡಿದರು.

ಮನೆಗೆ ಬಂದು ಹೋದ ಹಾಗೆ ಅಂದದ್ದನ್ನು ಗತ್ತಾಸ್ ಅಕ್ಷರಶಃ ಪಾಲಿಸಿದ. ಹೊಸ ಕೋಣೆಯಲ್ಲಿ ದರ್ಜೆ ತೆಗೆದ. ಮನೆಗೆ ಬಂದವರ ಮುಂದೆ ಗಡಿಯಾರ ನೋಡುವುದು ಸರಿಯಲ್ಲವೆಂದು ಗಡಿಯಾರ ತೆಗೆದ. ಹತ್ತಿರದ ಊರಿನವರನ್ನು ಮೊದಲು ಜೊತೆ ಮಾಡುವಂತೆ ಬರೆದ. ಬೈಗುಳ ನಿಲ್ಲಲಿ ಎಂದು ಸುಳ್ಳು ಹೆಸರಿನ ಬದಲು ನಿಜವಾದ ಹೆಸರು, ಮನೆತನ, ಊರು ಮೂರೂ ಕಾಣುವಂತೆ ಮಾಡಿದ. ನಾನು ಅದನ್ನು ನೋಡಿ ಭೇಷ್ ಅಂದೆ. ನಮ್ಮಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಆಗಲೇ ತಿಳಿಯಬೇಕಿತ್ತು, ನಮಗೆ ತಿಳಿಯಲಿಲ್ಲ.

ಬೈಗುಳ ಆ ದಿನವೇ ನಿಂತಿತು. ಆಟ ಮುಗಿಯುವುದೂ ನಿಂತಿತು. ಎದುರಿನವರ ಮನೆತನ ಕಂಡ ಕೂಡಲೇ ಜನ ಮೊದಲು ಕ್ಷೇಮಸಮಾಚಾರ ಕೇಳಿದರು. ಆಮೇಲೆ ಆಡಿದರು, ಚೆನ್ನಾಗಿಯೇ ಆಡಿದರು. ಕೊನೆಯ ಒಂದು ಚೂರು ಉಳಿದಾಗ ಇಬ್ಬರೂ ಕೈ ಕಟ್ಟಿ ಕೂತರು. 'ನೀವು ಮೊದಲು ಇಡಿ.' 'ಛೆ, ಎಲ್ಲಾದರೂ ಉಂಟೇ, ನೀವು ಇಡಿ.' ಬಾಗಿಲಲ್ಲಿ ಇಬ್ಬರು ಎದುರಾದರೆ ಮಾಡುವುದನ್ನೇ ಅಲ್ಲಿಯೂ ಮಾಡಿದರು. ಬಾಗಿಲಲ್ಲಾದರೆ ಹಿಂದಿನಿಂದ ಯಾರಾದರೂ ನೂಕುತ್ತಾರೆ. ಇಲ್ಲಿ ನೂಕುವವರಿರಲಿಲ್ಲ, ಗಡಿಯಾರವೂ ಇರಲಿಲ್ಲ.

ನನಗೆ ಬರುವ ದೂರುಗಳೇ ಬೇರೆಯಾದವು. 'ಎದುರಿಗಿರುವವರು ನಮ್ಮ ಸೊಸೆಯ ಸೋದರಮಾವ. ನಾನು ಹೇಗೆ ಗೆಲ್ಲಲಿ? ದಯವಿಟ್ಟು ನನ್ನನ್ನು ಸೋಲಿಸಿ,' ಎಂದು ಕರಕ್ ಊರಿನಿಂದ ಒಬ್ಬರು ಬರೆದರು. ಸಲ್ತ್ ಊರಿನ ಇಬ್ಬರು ಕೊನೆಯ ಚೂರನ್ನು ಹಾಗೆಯೇ ಬಿಟ್ಟು ಒಬ್ಬರ ಮನೆಗೊಬ್ಬರು ಊಟಕ್ಕೆ ಹೋಗಿಬಂದರು. ಮುಗಿಯದ ಆಟಗಳು ತುಂಬಿಕೊಂಡು ನಮ್ಮ ಯಂತ್ರ ಏದುಸಿರು ಬಿಡತೊಡಗಿತು.

ಗತ್ತಾಸ್ ಮೊದಲ ದಿನವೇ ತನ್ನ ಸ್ವಂತ ಹೆಸರಿನಲ್ಲಿ ಕೋಣೆಯೊಳಗೆ ಹೋಗಿದ್ದ, ಬಾಗಿಲು ಸರಿಯಾಗಿ ತೆರೆಯುತ್ತದೆಯೇ ನೋಡಲು. ಹತ್ತಿರದ ಊರಿನವರನ್ನು ಮೊದಲು ಜೊತೆ ಮಾಡು ಎಂದು ತಾನೇ ಬರೆದಿದ್ದನಲ್ಲ, ಅದು ಅವನನ್ನು ಅಬು ಸುಹೈಲರ ಎದುರಿಗೆ ಕೂರಿಸಿತು. ನವಿಲಿನ ಚಿತ್ರ. ಇಬ್ಬರಿಗೂ ಒಂದೊಂದು ಚೂರು ಉಳಿಯಿತು. ಹಜರ್ ಆಟದಲ್ಲಿ ಎಂದಿನಂತೆ ಒಬ್ಬರ ಚಿತ್ರ ಇನ್ನೊಬ್ಬರಿಗೆ ಕಾಣುತ್ತಿತ್ತು. ಅವರಿಗೆ ನವಿಲಿನ ಕಣ್ಣು ಬಾಕಿ, ಇವನಿಗೆ ಎಡಗಡೆಯ ಅಂಚು ಬಾಕಿ.

"ನೀವು ಮೊದಲು, ಚಿಕ್ಕಪ್ಪ," ಎಂದು ಇವನು ಬರೆದ. ನಮ್ಮಲ್ಲಿ ನೆಂಟರಲ್ಲದ ಹಿರಿಯರನ್ನೂ ಚಿಕ್ಕಪ್ಪ, ಚಿಕ್ಕಮ್ಮ ಅನ್ನುವುದು ರೂಢಿ.

"ನೀನು ಮೊದಲು, ಮಗನೇ," ಎಂದು ಅವರು ಬರೆದರು.

ಅದು ಹಾಗೆಯೇ ಉಳಿಯಿತು.

ಆದರೂ ಕೋಣೆಯಿಂದ ಒಂದು ಒಳ್ಳೆಯದಾಯಿತು. ಅಲ್ಲಿ ಮೂರೂ ಹೊತ್ತು ಯಾರಾದರೂ ಅಬು ಸುಹೈಲರ ಯೋಗಕ್ಷೇಮ ಕೇಳುತ್ತಿದ್ದರು. ಅವರು ಗಡ್ಡ ಬೋಳಿಸಿಕೊಂಡರು, ಹೊರಗೆ ಬಂದರು, ಗತ್ತಾಸನ ಕಡೆಯವರು ಶುಕ್ರವಾರ ಬರಲಿ ಎಂದು ಹೇಳಿಕಳಿಸಿದರು. ಅದೇ ಹೊತ್ತಿಗೆ ತೌಫೀಕನ ತಾಳ್ಮೆ ಕೆಟ್ಟಿತು.

"ಗಡಿಯಾರ ಹಾಕು," ಅಂದ. "ತಡಮಾಡಿದವನು ಸೋತ. ಎಲ್ಲ ಆಟ ತಾನಾಗೇ ಮುಗಿಯುತ್ತೆ."

"ಹಾಕಿದ್ರೆ ಇಬ್ಬರಲ್ಲಿ ಒಬ್ಬರು ಸೋಲ್ತಾರೆ," ಅಂದ ಗತ್ತಾಸ್. "ಅಬು ಸುಹೈಲ್ ಸೋತ್ರೆ ಕೋಣೆ ಕೊಟ್ಟು ಮೋಸ ಮಾಡಿದ ಅಂತಾರೆ. ನಾನು ಸೋತ್ರೆ ಬೇಕಂತ ಸೋತ ಅಂತಾರೆ. ಶುಕ್ರವಾರ ಕಳೀಲಿ."

"ಗೂಬೆಯ ವಿಷಯ ನಾನಂತೂ ಬಾಯಿ ಬಿಡಲ್ಲ ಕಣೋ," ಅಂದೆ.

"ಅವರು ಕೇಳಿದ್ರೆ ನಾನು ಸುಳ್ಳು ಹೇಳಲಾರೆ, ಚಿಕ್ಕಮ್ಮ," ಅಂದ. ಇಂಥವನಿಗೆ ಏನು ಹೇಳುವುದು!

ಶುಕ್ರವಾರ ಗಂಡಸರೆಲ್ಲ ಅಬು ಸುಹೈಲರ ನಡುಮನೆಯಲ್ಲಿ ಸೇರಿದರು. ನಾವು ಹೆಂಗಸರು ಸಮೀಹಾಳ ಜೊತೆ ಅಡುಗೆಮನೆಯಲ್ಲಿದ್ದೆವು, ಬಾಗಿಲು ಅರ್ಧ ತೆರೆದಿತ್ತು. ಒಪ್ಪಿಗೆ ಸಿಕ್ಕ ಮೇಲೆ ಹಂಚುವ ಕುನಾಫಾ ಸಿಹಿ ತಟ್ಟೆಯಲ್ಲಿ ಕಾಯುತ್ತಿತ್ತು. ನಾಲಿಗೆ ಹೊರಳಿಸಿ ಸಂಭ್ರಮದ ಕೂಗು ಹಾಕಲು ನಾನೂ ಗಂಟಲು ಸರಿಮಾಡಿಕೊಂಡು ಕಾಯುತ್ತಿದ್ದೆ.

ಗತ್ತಾಸನ ಕಡೆಯ ಹಿರಿಯ ಅಬು ನಿಮ್ರ್ ಕಾಫಿ ಬಟ್ಟಲು ತೆಗೆದುಕೊಂಡು ಮುಂದೆ ಇಟ್ಟರು. "ನಿಮ್ಮ ಮಗಳನ್ನ ನಮ್ಮ ಹುಡುಗನಿಗೆ ಕೊಡಿ. ಕೊಡೋವರೆಗೂ ಕಾಫಿ ಮುಟ್ಟಲ್ಲ," ಅಂದರು.

ಅಬು ಸುಹೈಲ್ ಜೇಬಿನಿಂದ ಫೋನು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಮೊದ್ಲು ಇದು ಮುಗೀಲಿ," ಅಂದರು. "ಇಡು, ಮಗನೇ."

"ನೀವು ಮೊದಲು, ಚಿಕ್ಕಪ್ಪ," ಅಂದ ಗತ್ತಾಸ್.

"ನನ್ನ ಮನೆಗೆ ಬಂದಿದ್ದೀಯ. ಬಂದವರದ್ದೇ ಮೊದಲ ಕೈ."

"ಹಿರಿಯರು ಇರುವಾಗ ನಾನು..."

"ಇಡು ಅಂದೆ."

ಅವನ ಕೈ ಏಳಲಿಲ್ಲ. ಇಟ್ಟರೆ, ನೋಡುವವರ ಕಣ್ಣಿಗೆ, ಮಾವನಾಗುವವರನ್ನು ಅವರ ಮನೆಯಲ್ಲಿ, ಅವರ ಬಂಧುಗಳ ಮುಂದೆ ಸೋಲಿಸಿದಂತೆ. ಇಡದಿದ್ದರೆ ಅವರ ಮಾತು ತೆಗೆದುಹಾಕಿದಂತೆ. ಬಟ್ಟಲುಗಳಲ್ಲಿ ಕಾಫಿ ತಣ್ಣಗಾಯಿತು. ಸಮೀಹಾ ನನ್ನ ಮುಂಗೈಯನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ಇಷ್ಟು ದಿನ ಇದನ್ನೇ ನೋಡ್ತಾ ಕೂತಿದ್ದೀನಿ," ಅಂದರು ಅಬು ಸುಹೈಲ್, ಫೋನಿನಿಂದ ತಲೆಯೆತ್ತದೆ. "ಬೇರೆ ಕೆಲಸ ಏನಿತ್ತು? ಎಡಗಡೆ ಅಂಚು ಒಂದು ಬಿಟ್ಟು ಎಲ್ಲ ಜೋಡಿಸಿದ್ದೀಯ. ಪರೀಕ್ಷೆಯಲ್ಲೂ ಅಷ್ಟೇ, ಎಲ್ಲ ಸರಿ ಮಾಡಿ ಎಡಗಡೆ ಒಂದು ಬಿಡ್ತಿದ್ದೆ. ಹೀಗೆ ಎಡಗಡೆಯನ್ನ ಕೊನೆಗೆ ಬಿಡೋನು ಆಟದಲ್ಲಿ ಇನ್ನೊಬ್ಬನಿದ್ದಾನೆ, ಅವನ ಜೊತೆ ಬೇಕಾದಷ್ಟು ಆಡಿದ್ದೀನಿ." ಈಗ ತಲೆಯೆತ್ತಿದರು. "ಎಡಕ್ಕೆ ನೋಡು, ಗೂಬೆ."

ನಡುಮನೆಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಹುಡುಗನಿಗೆ ಗೂಬೆ ಅಂದರಲ್ಲ ಎಂದು ಅಬು ನಿಮ್ರ್ ಹುಬ್ಬು ಗಂಟಿಕ್ಕಿದರು. ಮುಗಿಯಿತು, ಕುನಾಫಾ ಬೀದಿನಾಯಿಗೆ ಅಂದುಕೊಂಡೆ.

ಗತ್ತಾಸ್ ನಿರಾಕರಿಸಲಿಲ್ಲ. "ಹೌದು, ಚಿಕ್ಕಪ್ಪ," ಅಂದ. ಎಡಗಡೆ ನೋಡಿದ. ತನ್ನ ಫೋನು ತೆಗೆದು ಚೂರು ಇಟ್ಟ.

ಅಬು ಸುಹೈಲ್ ಪರದೆ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ನವಿಲಿನ ಕಣ್ಣು ತಾನಾಗಿ ಬಂದು ಕೂತಿತ್ತು. ಕೆಳಗೆ 'ಚಿತ್ರ ಪೂರ್ತಿಯಾಯಿತು' ಎಂದಿತ್ತು, ಅದರ ಕೆಳಗೆ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿತ್ತು.

"ಯಾರು ಗೆದ್ದಿದ್ದು?" ಅಂದರು.

"ಅದು ಬರೋದಿಲ್ಲ."

"ಬರೋದಿಲ್ಲ ಅಂದ್ರೆ?"

"ಆ ಕೋಣೇಲಿ ಗೆಲುವೇ ಇಟ್ಟಿಲ್ಲ. ಯಾರು ಕೊನೇ ಚೂರು ಇಟ್ಟರೂ ಇಬ್ಬರದ್ದೂ ಮುಗಿಯುತ್ತೆ."

"ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ?"

"ಮುಗಿಸಿದ ಮೇಲೆ ಎಲ್ಲರಿಗೂ ಕಾಣುತ್ತಲ್ಲ ಅಂದ್ಕೊಂಡಿದ್ದೆ," ಅಂದ ಗತ್ತಾಸ್. "ಇಲ್ಲೀವರೆಗೂ ಯಾರೂ ಮುಗಿಸಿಲ್ಲ."

ಅಬು ಸುಹೈಲ್ ಅವನನ್ನು ಬಹಳ ಹೊತ್ತು ನೋಡಿದರು. ಪರೀಕ್ಷೆಯ ಕೊನೆಗೆ ಕಾರಿನಿಂದ ಇಳಿಯುವ ಮುಂಚೆ ಅವರು ಹಾಗೆಯೇ ನೋಡುತ್ತಿದ್ದರು. ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಫೋನನ್ನು ಜೇಬಿಗಿಟ್ಟರು.

"ಅಬು ನಿಮ್ರ್, ನಿಮ್ಮ ಕಾಫಿ ಆರಿಹೋಯ್ತು," ಅಂದರು. "ಅದನ್ನ ಚೆಲ್ಲಿ. ಬಿಸಿಯಾಗಿ ಬೇರೆ ತರಿಸ್ತೀನಿ, ಎಲ್ಲರೂ ಕುಡೀರಿ. ಇವನು ಮೊದಲ ಸಲಕ್ಕೇ ಪಾಸು."

ನಾನು ಕೂಗಿದ ಕೂಗಿಗೆ ಕುನಾಫಾ ಹಿಡಿದಿದ್ದವಳ ಕೈ ಅಲುಗಾಡಿತು. ಸಮೀಹಾ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ, ಅದರ ನಡುವೆಯೇ ಹೊಸ ಕಾಫಿಗೆ ನೀರಿಟ್ಟೆ.